ಮಳೆಗಾಲದ ಕೊಡಗಿಗೆ ಹಗುರ ಲ್ಯಾಪ್‌ಟಾಪ್: ಡಬ್ಬದ ಮೇಲಿನ ಗಂಟೆ ಬಿಡಿ, ವಾಟ್ ನೋಡಿ

'20 ಗಂಟೆ ಬ್ಯಾಟರಿ' ಅಂತ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಆ 20 ಗಂಟೆ ನಿಮಗೆ ಸಿಗುವುದೂ ಇಲ್ಲ. ಸಾಮಾನ್ಯವಾಗಿ ಒಂದು ವಿಡಿಯೋ ಫೈಲನ್ನು ಬ್ರೈಟ್‌ನೆಸ್ ಇಳಿಸಿ, ಬೇರೆ ಏನನ್ನೂ ತೆರೆಯದೆ, ಸುಮ್ನೆ ಓಡಲು ಬಿಟ್ಟು ಅಳೆದ ಲೆಕ್ಕ ಅದು. ವಿಡಿಯೋ ಓಡಿಸುವುದಕ್ಕೆ ಚಿಪ್ಪಿನಲ್ಲಿ, ಅಂದರೆ ಪ್ರೊಸೆಸರಿನಲ್ಲಿ, ಬೇರೆಯದೇ ಭಾಗ ಇರುತ್ತದೆ, ಅದು ತುಂಬಾ ಕಮ್ಮಿ ಕರೆಂಟ್ ತಿನ್ನುತ್ತದೆ. ಆಪಲ್ ಕಂಪನಿ ತನ್ನ ಎಂ4 ಮ್ಯಾಕ್‌ಬುಕ್ ಏರ್‌ಗೆ ಎರಡು ಅಂಕಿ ಕೊಟ್ಟಿದೆ: ವಿಡಿಯೋಗೆ 18 ಗಂಟೆ, ವೈಫೈನಲ್ಲಿ ವೆಬ್ ನೋಡಲು 15 ಗಂಟೆ. ಯಂತ್ರ ಒಂದೇ, ಬ್ಯಾಟರಿ ಒಂದೇ, ಕೆಲಸ ಬದಲಾದದ್ದಕ್ಕೆ 3 ಗಂಟೆ ಹೋಯಿತು. ಇನ್ನು ಮೀಟಿಂಗ್, ಎಕ್ಸೆಲ್, ಕ್ರೋಮ್‌ನಲ್ಲಿ ಇಪ್ಪತ್ತು ಟ್ಯಾಬ್ ಅಂತ ಹೊರಟರೆ ಎಷ್ಟು ಉಳಿಯುತ್ತದೆ ಅಂತ ನೀವೇ ಯೋಚಿಸಿ.

ಬೆಂಗಳೂರಿನವರಿಗೆ ಇದು ದೊಡ್ಡ ವಿಷಯ ಅಲ್ಲ. ಕಾಫಿ ಶಾಪ್‌ನಲ್ಲಿ ಪ್ಲಗ್ ಇರುತ್ತದೆ, ಆಫೀಸಿನಲ್ಲಿ ಪ್ಲಗ್ ಇರುತ್ತದೆ. ಕೊಡಗಿನಲ್ಲಿ ನಮ್ಮ ಕಥೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವಾಗ ಯಾವ ಸಿಲ್ವರ್ ಓಕ್ ಮರ ಕರೆಂಟ್ ಲೈನ್ ಮೇಲೆ ಬೀಳುತ್ತದೋ ಗೊತ್ತಿಲ್ಲ. ಮಡಿಕೇರಿ, ವಿರಾಜಪೇಟೆ ಪೇಟೆಯೊಳಗೆ ಆದರೆ ಬೇಗ ಸರಿಹೋಗಬಹುದು; ಭಾಗಮಂಡಲ, ನಾಪೋಕ್ಲು, ಶ್ರೀಮಂಗಲ ಕಡೆಯ ತೋಟದ ಮನೆಗಳಲ್ಲಿ ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಎರಡು ದಿನ ಕರೆಂಟ್ ಇಲ್ಲ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ವರ್ಕ್ ಫ್ರಂ ಹೋಂ ಮಾಡುವವರು, ಹೋಂಸ್ಟೇ ಬುಕಿಂಗ್ ನೋಡಿಕೊಳ್ಳುವವರು, ಮಗಳ ಕಾಲೇಜಿಗೆ ಲ್ಯಾಪ್‌ಟಾಪ್ ಹುಡುಕುವವರು ಎಲ್ಲರೂ ಕೇಳುವುದು ಒಂದೇ: ಹಗುರ ಇರಬೇಕು, ಚಾರ್ಜ್ ನಿಲ್ಲಬೇಕು, ಯಾವುದು ತಗೊಳ್ಳಲಿ? ಮಾಡೆಲ್ ಹೆಸರು ಕೆಳಗೆ ಕೆಲವು ಹೇಳಿದ್ದೇನೆ. ಆದರೆ ಮಾಡೆಲ್ ವರ್ಷಕ್ಕೊಂದು ಬರುತ್ತದೆ, ಲೆಕ್ಕ ಬದಲಾಗುವುದಿಲ್ಲ. ಅದಕ್ಕೆ ಲೆಕ್ಕದಿಂದ ಶುರು ಮಾಡೋಣ.

ಒಂದೇ ಒಂದು ಭಾಗಾಕಾರ

ಬ್ಯಾಟರಿಯಲ್ಲಿ ಎಷ್ಟು ತುಂಬಿದೆ ಅನ್ನುವುದನ್ನು ವಾಟ್‌ಅವರ್‌ನಲ್ಲಿ ಹೇಳುತ್ತಾರೆ. ಯಂತ್ರ ಆ ಹೊತ್ತಿನಲ್ಲಿ ಎಷ್ಟು ಎಳೆಯುತ್ತಿದೆ ಅನ್ನುವುದು ವಾಟ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಗಂಟೆ ಬರುತ್ತದೆ. 54 ವಾಟ್‌ಅವರ್ ಬ್ಯಾಟರಿ, 6 ವಾಟ್ ಬಳಕೆ, ಅಂದರೆ 9 ಗಂಟೆ. ಅದೇ ಬ್ಯಾಟರಿ ಇದ್ದು ಯಂತ್ರ 12 ವಾಟ್ ಎಳೆದರೆ ನಾಲ್ಕೂವರೆ ಗಂಟೆ, ಅಷ್ಟೇ.

ಕೆಲವು ಕಡೆ ವಾಟ್‌ಅವರ್ ಬರೆಯದೆ ಎಂಎಎಚ್ (ಮಿಲಿಆಂಪ್ ಅವರ್) ಮಾತ್ರ ಬರೆದಿರುತ್ತಾರೆ. ಆಗ ಅದನ್ನು ಬ್ಯಾಟರಿಯ ವೋಲ್ಟೇಜಿನಿಂದ ಗುಣಿಸಿ 1000ದಿಂದ ಭಾಗಿಸಿ. 3500 ಎಂಎಎಚ್, 15.4 ವೋಲ್ಟ್ ಅಂದರೆ ಸುಮಾರು 54 ವಾಟ್‌ಅವರ್. '4 ಸೆಲ್ ಬ್ಯಾಟರಿ' ಅಂತ ಅಂಗಡಿಯಲ್ಲಿ ಹೇಳಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಸೆಲ್ ದೊಡ್ಡದೂ ಇರಬಹುದು, ಚಿಕ್ಕದೂ ಇರಬಹುದು. ವಾಟ್‌ಅವರ್ ಎಷ್ಟು ಅಂತಲೇ ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಮೊಬೈಲ್ ತೆಗೆದು ಕಂಪನಿ ಸೈಟಿನಲ್ಲಿ ನೋಡಿಕೊಳ್ಳಿ.

ಬಳಕೆ ಎಷ್ಟು ಅನ್ನುವುದನ್ನು ಯಾರೂ ಡಬ್ಬದ ಮೇಲೆ ಬರೆಯುವುದಿಲ್ಲ, ಅದೇ ತೊಂದರೆ. ಹೊಸ ಕಮ್ಮಿ-ಬಳಕೆಯ ಚಿಪ್ ಇರುವ ಹಗುರ ಲ್ಯಾಪ್‌ಟಾಪ್‌ಗಳು ಬರೆಯುವುದು, ಓದುವುದು, ವೆಬ್ ನೋಡುವುದು ಇಷ್ಟಕ್ಕೆ ಸುಮಾರು 4ರಿಂದ 7 ವಾಟ್ ತೆಗೆದುಕೊಳ್ಳುತ್ತವೆ. ವಿಡಿಯೋ ಕಾಲ್ ಶುರುವಾದರೆ ಅದು ಸುಲಭವಾಗಿ ಒಂದೂವರೆ ಪಟ್ಟು, ಎರಡು ಪಟ್ಟು ಆಗುತ್ತದೆ, ಯಾಕೆಂದರೆ ಕ್ಯಾಮೆರಾ, ಮೈಕ್, ವೈಫೈ, ಚಿಪ್ ಎಲ್ಲವೂ ಒಟ್ಟಿಗೆ ಕೆಲಸ ಮಾಡುತ್ತಿರುತ್ತವೆ. ಗೇಮಿಂಗ್ ಲ್ಯಾಪ್‌ಟಾಪ್ ಏನೂ ಮಾಡದೆ ಕೂತಿದ್ದರೂ 15 ವಾಟ್ ದಾಟಬಹುದು.

ಇನ್ನೊಂದು ಮಾತು. ಬ್ಯಾಟರಿ ಹಳೆಯದಾಗುತ್ತದೆ. ಎರಡು ಮೂರು ವರ್ಷ ಚೆನ್ನಾಗಿ ಬಳಸಿದ ಮೇಲೆ ಅದರ ಸಾಮರ್ಥ್ಯ ನೂರಕ್ಕೆ 80ರ ಆಸುಪಾಸಿಗೆ ಬಂದು ನಿಲ್ಲುವುದು ಮಾಮೂಲು. ಹಾಗಾಗಿ ಕೊಳ್ಳುವಾಗಲೇ 54 ಅಂತ ಇದ್ದರೆ 43 ಅಂತ ಹಿಡಿದು ಲೆಕ್ಕ ಹಾಕಿ. ಆ ಲೆಕ್ಕದಲ್ಲೂ ನಿಮ್ಮ ಕೆಲಸದ ದಿನ ಮುಗಿಯುತ್ತದೆ ಅಂದರೆ ಮಾತ್ರ ಅದು ನಿಮ್ಮ ಯಂತ್ರ.

ದೊಡ್ಡ ಬ್ಯಾಟರಿಗಿಂತ ಕಮ್ಮಿ ಬಳಕೆ ಮೇಲು

ಇಲ್ಲಿ ಸುಮಾರು ಜನ ದಾರಿ ತಪ್ಪುತ್ತಾರೆ. 90 ವಾಟ್‌ಅವರ್ ಬ್ಯಾಟರಿ ಇದೆ, ಆದ್ದರಿಂದ ಜಾಸ್ತಿ ಹೊತ್ತು ಬರುತ್ತದೆ ಅಂತ ಅಂದುಕೊಳ್ಳುತ್ತಾರೆ. ಜೀಪಿಗೆ ಟ್ಯಾಂಕ್ ದೊಡ್ಡದಿದ್ದು ಮೈಲೇಜ್ ಇಲ್ಲದಿದ್ದರೆ ಏನು ಪ್ರಯೋಜನ, ಅಲ್ವಾ? ದೊಡ್ಡ ಬ್ಯಾಟರಿ ಅಂದರೆ ತೂಕವೂ ಜಾಸ್ತಿ. ಆದರೆ ನಾನು ಕಮ್ಮಿ ಬಳಕೆಯ ಮೇಲೆ ಇಷ್ಟು ಒತ್ತು ಕೊಡುವುದಕ್ಕೆ ತೂಕ ಒಂದೇ ಕಾರಣ ಅಲ್ಲ.

ಕರೆಂಟ್ ಎರಡನೇ ದಿನವೂ ಬರಲಿಲ್ಲ ಅಂತ ಇಟ್ಟುಕೊಳ್ಳಿ. ಲ್ಯಾಪ್‌ಟಾಪಿನ ಒಳಗಿನ ಬ್ಯಾಟರಿ, ದೊಡ್ಡದಿರಲಿ ಚಿಕ್ಕದಿರಲಿ, ಖಾಲಿ. ಈಗ ಹೊರಗಿನಿಂದ ತುಂಬಿಸಬೇಕು. ಪವರ್ ಬ್ಯಾಂಕಿನಿಂದಲೋ, ಜೀಪಿನಿಂದಲೋ, ಮನೆಯ ಇನ್ವರ್ಟರ್‌ನಿಂದಲೋ. ಕಮ್ಮಿ ಎಳೆಯುವ ಯಂತ್ರ ಇದ್ದರೆ ಈ ಮೂರೂ ಸಾಕಾಗುತ್ತವೆ. ಜಾಸ್ತಿ ಎಳೆಯುವ ಯಂತ್ರಕ್ಕೆ ಮೂರೂ ಸಾಲುವುದಿಲ್ಲ.

20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ ಲೆಕ್ಕಕ್ಕೆ 74 ವಾಟ್‌ಅವರ್. ಒಳಗಿನ ಸೆಲ್ಲಿನ ವೋಲ್ಟೇಜ್ 3.7, ಅದರಿಂದ ಗುಣಿಸಿದ್ದು. ವೋಲ್ಟೇಜ್ ಏರಿಸಿ ಕಳಿಸುವಾಗ ಸ್ವಲ್ಪ ಬಿಸಿಯಾಗಿ ಹೋಗುತ್ತದೆ, ಕೈಗೆ ಸಿಗುವುದು 60ರ ಹತ್ತಿರ. 6 ವಾಟ್ ಎಳೆಯುವ ಲ್ಯಾಪ್‌ಟಾಪ್‌ಗೆ ಅದು ಹತ್ತು ಗಂಟೆಯ ಹತ್ತಿರ, ಅಂದರೆ ಇನ್ನೊಂದು ಪೂರ್ತಿ ದಿನ. 15 ವಾಟ್ ಎಳೆಯುವುದಕ್ಕೆ ನಾಲ್ಕು ಗಂಟೆ. ಪವರ್ ಬ್ಯಾಂಕ್ ಕೊಳ್ಳುವಾಗ ಎಂಎಎಚ್ ನೋಡಿ ಖುಷಿಪಡಬೇಡಿ. ಟೈಪ್ ಸಿ ಬಾಯಲ್ಲಿ ಪವರ್ ಡೆಲಿವರಿ (ಜಾಸ್ತಿ ವಾಟ್ ಕಳಿಸುವ ಚಾರ್ಜಿಂಗ್ ವಿಧಾನ) ಇದೆಯಾ, 45 ವಾಟ್ ಅಥವಾ 65 ವಾಟ್ ಕೊಡುತ್ತದಾ ಅಂತ ನೋಡಿ. ಬರೀ ಫೋನಿಗಾಗಿ ಮಾಡಿದ 18 ಅಥವಾ 20 ವಾಟಿನದನ್ನು ಚುಚ್ಚಿದರೆ ಬಹಳಷ್ಟು ಲ್ಯಾಪ್‌ಟಾಪ್‌ಗಳು 'ಸ್ಲೋ ಚಾರ್ಜರ್' ಅಂತ ಗೊಣಗುತ್ತವೆ, ಕೆಲವು ಮುಟ್ಟುವುದೇ ಇಲ್ಲ.

ಇದರಿಂದಲೇ ಒಂದು ಕಟ್ಟುನಿಟ್ಟಿನ ನಿಯಮ ಬರುತ್ತದೆ: ಟೈಪ್ ಸಿ ಮೂಲಕ ಚಾರ್ಜ್ ಆಗದ ಲ್ಯಾಪ್‌ಟಾಪ್ ಬೇಡ. ಟೈಪ್ ಸಿ ಪೋರ್ಟ್ ಇದ್ದ ಮಾತ್ರಕ್ಕೆ ಅದರಲ್ಲಿ ಚಾರ್ಜ್ ಆಗುತ್ತದೆ ಅಂತ ಇಲ್ಲ, ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಅದು ಡೇಟಾಗೆ ಮಾತ್ರ. ಕೇಳಿ, ಸಾಧ್ಯವಾದರೆ ಅಂಗಡಿಯಲ್ಲೇ ಚುಚ್ಚಿ ನೋಡಿ. ಟೈಪ್ ಸಿ ಇದ್ದರೆ ಜೀಪಿನ 12 ವೋಲ್ಟ್ ಸಾಕೆಟ್‌ಗೆ ಹಾಕುವ 65 ವಾಟಿನ ಕಾರ್ ಚಾರ್ಜರ್ ಸಾಕು. ಗೋಣಿಕೊಪ್ಪಕ್ಕೆ ಸಾಮಾನು ತರಲು ಹೋಗಿ ಬರುವಷ್ಟರಲ್ಲಿ ಅರ್ಧ ಬ್ಯಾಟರಿ ತುಂಬಿರುತ್ತದೆ. ಎಂಜಿನ್ ನಿಲ್ಲಿಸಿ ಗಂಟೆಗಟ್ಟಲೆ ಚಾರ್ಜಿಗೆ ಇಡಬೇಡಿ, ಆಮೇಲೆ ಜೀಪ್ ತಳ್ಳಲು ಜನ ಕರೆಯಬೇಕಾಗುತ್ತದೆ.

ಇನ್ವರ್ಟರ್ ಬಗ್ಗೆ ಎರಡು ಮಾತು. 12 ವೋಲ್ಟ್, 150 ಎಎಚ್ (ಆಂಪ್ ಅವರ್) ಬ್ಯಾಟರಿ ಲೆಕ್ಕಕ್ಕೆ 1800 ವಾಟ್‌ಅವರ್, ಆದರೆ ಲೆಡ್ ಆಸಿಡ್ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುವುದು ಒಳ್ಳೆಯದಲ್ಲ, ಅರ್ಧ ಅಂತ ಹಿಡಿಯಿರಿ. ಅದರಲ್ಲಿ ಲೈಟು, ಫ್ಯಾನು, ಟಿವಿ ಎಲ್ಲಾ ಇದೆ. ಜೊತೆಗೆ ಇನ್ವರ್ಟರ್ ತಾನೇ ಸುಮ್ನೆ ಕೂತಿದ್ದರೂ ಒಂದಿಷ್ಟು ತಿನ್ನುತ್ತದೆ. ಹಾಗಾಗಿ ಲ್ಯಾಪ್‌ಟಾಪನ್ನು ದಿನವಿಡೀ ಇನ್ವರ್ಟರಿಗೆ ಕಟ್ಟಿಹಾಕಬೇಡಿ. ಸಂಜೆ ಹೇಗಿದ್ದರೂ ಇನ್ವರ್ಟರ್ ಆನ್ ಇರುವಾಗ ಎರಡು ಗಂಟೆ ಹಾಕಿ, ತುಂಬಿಸಿ, ತೆಗೆದುಬಿಡಿ. ಹೊಸದಾಗಿ ಇನ್ವರ್ಟರ್ ತೆಗೆದುಕೊಳ್ಳುವವರು ಸೈನ್ ವೇವ್ (ಲೈನಿನ ಕರೆಂಟಿನಂತೆ ನಯವಾದ ಕರೆಂಟ್ ಕೊಡುವ ವಿಧಾನ) ಇರುವುದನ್ನೇ ತೆಗೆದುಕೊಳ್ಳಿ. ಸೋಲಾರ್ ಪ್ಯಾನೆಲ್ ಆಸೆ ಜುಲೈಗೆ ಬೇಡ, ಮೋಡದಲ್ಲಿ ಅದರಿಂದ ಸಿಗುವುದು ಅಷ್ಟಕ್ಕಷ್ಟೇ.

ಚಿಪ್ ಹೆಸರಿನ ಕೊನೆಯ ಅಕ್ಷರ

ಇಂಟೆಲ್ ಚಿಪ್ ಆದರೆ ಹೆಸರಿನ ಕೊನೆಗೆ ಬರುವ ಅಕ್ಷರ ನೋಡಿ. ಎಚ್ಎಕ್ಸ್ ಅಂದರೆ ಗೇಮಿಂಗ್, ದೂರ ಇಡಿ. ಎಚ್ ಅಂದರೆ ಜೋರು, ಹಸಿವೂ ಜೋರು. ಯು ಅಂದರೆ ಕಮ್ಮಿ ಬಳಕೆ. ವಿ ಅಂದರೆ 2024ರ ಸೆಪ್ಟೆಂಬರ್‌ನಲ್ಲಿ ಬಂದ ಕೋರ್ ಅಲ್ಟ್ರಾ 200ವಿ ಸರಣಿ, ಬ್ಯಾಟರಿಯ ಮಟ್ಟಿಗೆ ಇಂಟೆಲ್ ನಿಜವಾಗಿ ಎದ್ದು ನಿಂತದ್ದು ಅದರಲ್ಲಿ. ಈ ವಿ ಚಿಪ್‌ಗಳಲ್ಲಿ ರ್‍ಯಾಮ್ ಚಿಪ್ಪಿನ ಜೊತೆಗೇ ಕೂತಿರುತ್ತದೆ, 16 ಅಥವಾ 32 ಜಿಬಿ, ಆಮೇಲೆ ಸೇರಿಸಲು ಆಗುವುದೇ ಇಲ್ಲ. ಎಎಂಡಿಯ ರೈಜನ್ ಕೂಡ ಒಳ್ಳೆಯದೇ, ಆದರೆ ಒಂದೇ ಚಿಪ್ಪನ್ನು ಒಂದೊಂದು ಕಂಪನಿ ಒಂದೊಂದು ವಾಟಿಗೆ ಹೊಂದಿಸಿರುತ್ತದೆ. ಹೆಸರು ನೋಡಿ ಹೇಳಲು ಬರುವುದಿಲ್ಲ, ಆ ಮಾಡೆಲಿನದೇ ರಿವ್ಯೂ ಓದಬೇಕು.

ಆಮೇಲೆ ಆರ್ಮ್ ಚಿಪ್‌ಗಳು, ಇಂಟೆಲ್, ಎಎಂಡಿಗಿಂತ ಬೇರೆಯದೇ ವಿನ್ಯಾಸದವು. ಮ್ಯಾಕ್‌ಬುಕ್ ಏರ್‌ನಲ್ಲಿ 2020ರ ಎಂ1ನಿಂದ ಇರುವುದು ಇದೇ. 2024ರ ಜೂನ್‌ನಿಂದ ವಿಂಡೋಸ್ ಕಡೆಯೂ ಸ್ನ್ಯಾಪ್‌ಡ್ರಾಗನ್ ಎಕ್ಸ್ ಚಿಪ್ ಬಂತು. ಎರಡೂ ಬ್ಯಾಟರಿ ವಿಷಯದಲ್ಲಿ ಗಟ್ಟಿ. ಪ್ಲಗ್ ತೆಗೆದರೂ ವೇಗ ಕಮ್ಮಿಯಾಗುವುದಿಲ್ಲ, ಮುಚ್ಚಿಟ್ಟರೆ ರಾತ್ರಿಯಿಡೀ ಹೆಚ್ಚೇನೂ ಇಳಿಯುವುದಿಲ್ಲ. ಹಾಗಾದರೆ ಎಲ್ಲರೂ ಇದನ್ನೇ ತಗೊಳ್ಳಬಹುದಲ್ವಾ? ಇಲ್ಲ. ನಿಮ್ಮ ಕೆಲಸ ಏನು ಅನ್ನುವುದು ಇಲ್ಲಿ ಬರುತ್ತದೆ.

ತೋಟದ ಲೆಕ್ಕ ಟ್ಯಾಲಿಯಲ್ಲಿ ಇಡುತ್ತೀರಾ? ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು, ಮ್ಯಾಕ್‌ನಲ್ಲಿ ನೇರವಾಗಿ ಓಡುವುದಿಲ್ಲ. ಜಿಎಸ್‌ಟಿ, ಟೆಂಡರ್ ಅಂತ ಡಿಜಿಟಲ್ ಸಿಗ್ನೇಚರ್ ಯುಎಸ್‌ಬಿ ಟೋಕನ್ ಬಳಸುತ್ತೀರಾ? ಆ ಟೋಕನ್ನಿಗೆ, ಹಾಗೆಯೇ ಮನೆಯ ಹಳೆಯ ಪ್ರಿಂಟರ್, ಸ್ಕ್ಯಾನರ್‌ಗೆ ಡ್ರೈವರ್ (ಆ ಸಾಧನವನ್ನು ಕಂಪ್ಯೂಟರಿಗೆ ಪರಿಚಯಿಸುವ ಚಿಕ್ಕ ಪ್ರೋಗ್ರಾಂ) ಬೇಕು. ಸ್ನ್ಯಾಪ್‌ಡ್ರಾಗನ್ ಲ್ಯಾಪ್‌ಟಾಪ್ ಸಾಮಾನ್ಯ ಇಂಟೆಲ್ ಪ್ರೋಗ್ರಾಂಗಳನ್ನು ಅನುವಾದ ಮಾಡಿಕೊಂಡು ಓಡಿಸುತ್ತದೆ, ಆದರೆ ಡ್ರೈವರ್‌ಗಳಿಗೆ ಆ ಉಪಾಯ ನಡೆಯುವುದಿಲ್ಲ, ಆರ್ಮ್‌ಗಾಗಿಯೇ ಮಾಡಿದ ಡ್ರೈವರ್ ಇರಲೇಬೇಕು. ಅದು ಇಲ್ಲದಿದ್ದರೆ ಇಲ್ಲ. ಕನ್ನಡ ಟೈಪಿಂಗಿಗೆ ನುಡಿ, ಬರಹ ತಂತ್ರಾಂಶ ಬೇಕೇ ಬೇಕು ಅನ್ನುವವರು ಕೂಡ ಮೊದಲು ಅದೇ ಯಂತ್ರದಲ್ಲಿ ಹಾಕಿ ನೋಡಿ. ಬರೀ ಯೂನಿಕೋಡ್ ಕನ್ನಡ ಸಾಕು ಅಂದರೆ ಚಿಂತೆ ಇಲ್ಲ, ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಕನ್ನಡ ಕೀಬೋರ್ಡ್ ಒಳಗೇ ಇದೆ. ಬ್ರೌಸರ್, ಆಫೀಸ್, ಮೀಟಿಂಗ್ ಇಷ್ಟೇ ಕೆಲಸ ಇರುವವರಿಗೆ ಆರ್ಮ್ ತುಂಬಾ ಚೆನ್ನಾಗಿದೆ. ಟೋಕನ್, ಟ್ಯಾಲಿ, ಹಳೆ ಪ್ರಿಂಟರ್ ಇರುವವರಿಗೆ ಇಂಟೆಲ್ ವಿ ಅಥವಾ ರೈಜನ್. ನಾನಾಗಿದ್ದರೆ ಇದನ್ನು ನಿರ್ಧಾರ ಮಾಡಿಕೊಂಡ ಮೇಲೆಯೇ ಬೆಲೆ ನೋಡಲು ಶುರುಮಾಡುತ್ತೇನೆ.

ಕಾಲೇಜಿಗೆ ಹೋಗುವ ಮಕ್ಕಳಿಗೆ ಕೊಡಿಸುವವರು ಒಂದು ಕೆಲಸ ಮಾಡಿ. ಕಾಲೇಜಿನಲ್ಲಿ ಯಾವ ಸಾಫ್ಟ್‌ವೇರ್ ಕಲಿಸುತ್ತಾರೆ ಅಂತ ಮೊದಲು ಕೇಳಿಕೊಳ್ಳಿ. ಎಂಜಿನಿಯರಿಂಗ್‌ನಲ್ಲಿ ಕೆಲವು ಡ್ರಾಯಿಂಗ್ ಪ್ರೋಗ್ರಾಂಗಳು ಇಂಟೆಲ್ ಅಥವಾ ಎಎಂಡಿ ವಿಂಡೋಸ್ ಬಿಟ್ಟು ಬೇರೆಡೆ ಸರಿಯಾಗಿ ಓಡುವುದಿಲ್ಲ.

ಸ್ಕ್ರೀನ್ ಕುಡಿಯುವಷ್ಟು ಬೇರೆ ಯಾವುದೂ ಕುಡಿಯುವುದಿಲ್ಲ

ಹಗುರ ಕೆಲಸ ಮಾಡುವಾಗ ಬ್ಯಾಟರಿಯ ದೊಡ್ಡ ಪಾಲು ಹೋಗುವುದು ಸ್ಕ್ರೀನಿಗೆ. ಆದರೂ ಅಂಗಡಿಯಲ್ಲಿ ನಮ್ಮನ್ನು ಮರುಳು ಮಾಡುವುದೂ ಅದೇ. ಓಎಲ್ಇಡಿ ನೋಡಲು ಬಲು ಚೆಂದ, ಸಿನಿಮಾಗೆ ಅದನ್ನು ಮೀರಿಸುವುದು ಬೇರೊಂದಿಲ್ಲ. ಆದರೆ ಅದರಲ್ಲಿ ಬಿಳಿ ಬಣ್ಣ ದುಬಾರಿ: ಕಪ್ಪು ಜಾಗ ಕರೆಂಟ್ ತಿನ್ನುವುದಿಲ್ಲ, ಬಿಳಿ ಜಾಗ ಜಾಸ್ತಿ ತಿನ್ನುತ್ತದೆ. ವರ್ಡ್, ಎಕ್ಸೆಲ್, ಜಿಮೇಲ್ ಎಲ್ಲವೂ ಬಿಳಿಯೇ. ದಿನವಿಡೀ ಬಿಳಿ ಹಾಳೆ ನೋಡುವವರಿಗೆ ಸಾಧಾರಣ ಐಪಿಎಸ್ (ಎಲ್‌ಸಿಡಿ) ಸ್ಕ್ರೀನ್ ಮೇಲು. 4ಕೆ ಬೇಡವೇ ಬೇಡ, 13-14 ಇಂಚಿನಲ್ಲಿ ಅದರ ಲಾಭ ಕಣ್ಣಿಗೆ ಕಾಣುವುದಿಲ್ಲ, ಬ್ಯಾಟರಿಗೆ ಕಾಣುತ್ತದೆ. ಸ್ಕ್ರೀನ್ 120 ಹರ್ಟ್ಜ್, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವುದು ಆಗಿದ್ದರೆ, ಬ್ಯಾಟರಿಯಲ್ಲಿರುವಾಗ 60ಕ್ಕೆ ಇಳಿಸಿ.

ಸ್ಕ್ರೀನಿನ ಬೆಳಕನ್ನು ಅಳೆಯುವ ನಿಟ್ಸ್ ಮಾತ್ರ ಮರೆಯಬೇಡಿ. 250 ನಿಟ್ಸ್‌ನ ಮಂಕು ಸ್ಕ್ರೀನ್ ಇದ್ದರೆ ಜಗಲಿಯಲ್ಲಿ ಕೂತಾಗ ಬ್ರೈಟ್‌ನೆಸ್ ಪೂರ್ತಿ ಏರಿಸಿಯೂ ಕಾಣುವುದಿಲ್ಲ. 400 ನಿಟ್ಸ್ ಇದ್ದು ಗ್ಲೇರ್ ಇಲ್ಲದ ಮ್ಯಾಟ್ ಸ್ಕ್ರೀನ್ ಆದರೆ ಅರ್ಧಕ್ಕಿಟ್ಟು ಆರಾಮಾಗಿ ಕೆಲಸ ಮಾಡಬಹುದು. ಮೊದಲ ಮಳೆ ಬಿದ್ದ ಸಂಜೆ ಕತ್ತಲಲ್ಲಿ ಬ್ರೈಟ್‌ನೆಸ್ ಏರಿಸಿ ಕೂತರೆ ಮಳೆಹುಳ ಎಲ್ಲಾ ಸ್ಕ್ರೀನಿಗೇ ಬರುತ್ತವೆ ಅನ್ನುವುದು ಬೇರೆ ಮಾತು, ಅದಕ್ಕೆ ಯಾವ ಕಂಪನಿಯಲ್ಲೂ ಪರಿಹಾರ ಇಲ್ಲ.

ತೂಕ: ಚಾರ್ಜರ್ ಸೇರಿಸಿ ಹೇಳಿ

ಅಲ್ಟ್ರಾಲೈಟ್ ಅನ್ನುವುದಕ್ಕೆ ಯಾವ ಕಾನೂನೂ ಇಲ್ಲ, ಒಂದೂವರೆ ಕಿಲೋಗೂ ಅಲ್ಟ್ರಾಲೈಟ್ ಅನ್ನುವವರಿದ್ದಾರೆ. ನನ್ನ ಗೆರೆ 1.3 ಕಿಲೋ. ಕೆಲವು ಅಂಕಿ ನೋಡಿ. ಎಂ4 ಮ್ಯಾಕ್‌ಬುಕ್ ಏರ್ 13 ಇಂಚು: 1.24 ಕಿಲೋ, 53.8 ವಾಟ್‌ಅವರ್, ಫ್ಯಾನ್ ಇಲ್ಲ, 2025ರ ಮಾರ್ಚ್‌ನಲ್ಲಿ ಬಂದಾಗ ಭಾರತದಲ್ಲಿ 99,900 ರೂಪಾಯಿ. ಆಸುಸ್ ಜೆನ್‌ಬುಕ್ ಎ14: ಒಂದು ಕಿಲೋಗಿಂತ ಕಮ್ಮಿ, 70 ವಾಟ್‌ಅವರ್, ಸ್ನ್ಯಾಪ್‌ಡ್ರಾಗನ್ ಚಿಪ್, ಆದರೆ ಸ್ಕ್ರೀನ್ ಓಎಲ್ಇಡಿ. ಎಲ್‌ಜಿ ಗ್ರಾಂ 14: 999 ಗ್ರಾಂ, 72 ವಾಟ್‌ಅವರ್. ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ 13ನೇ ತಲೆಮಾರು: ಒಂದು ಕಿಲೋ ಒಳಗೆ ಶುರು, 57 ವಾಟ್‌ಅವರ್, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಒಂದು ಕಿಲೋ ಒಳಗೆ 70 ವಾಟ್‌ಅವರ್ ಹಿಡಿಸಬಹುದು ಅನ್ನುವುದು ಇದರಿಂದ ಗೊತ್ತಾಗುತ್ತದೆ. 1.6 ಕಿಲೋ ತೂಗಿಯೂ 41 ವಾಟ್‌ಅವರ್ ಕೊಡುವ ಯಂತ್ರ ಅಂಗಡಿಯಲ್ಲಿ ಕಂಡರೆ ಮುಂದೆ ಹೋಗಿ.

ಚಾರ್ಜರ್ ಇಟ್ಟಿಗೆ ಬೇರೆ ಇರುತ್ತದೆ, ಹಳೆಯ ನಮೂನೆಯದು 300 ಗ್ರಾಂ ದಾಟುತ್ತದೆ. ಅದರ ಬದಲು 65 ವಾಟಿನ ಚಿಕ್ಕ ಗ್ಯಾನ್ (ಗ್ಯಾಲಿಯಂ ನೈಟ್ರೈಡ್) ಚಾರ್ಜರ್ ಒಂದು ತೆಗೆದುಕೊಂಡರೆ ಫೋನಿಗೂ ಅದೇ, ಲ್ಯಾಪ್‌ಟಾಪ್‌ಗೂ ಅದೇ. ಕೊಡಗಿಗೆ ರೈಲು ಇಲ್ಲ, ಹೋಗುವುದೆಲ್ಲ ಬಸ್ಸಿನಲ್ಲೇ, ಕುಶಾಲನಗರದಲ್ಲಿ ನಿಂತುಕೊಂಡು ಹತ್ತಿದ ದಿನ ಆ ಅರ್ಧ ಕಿಲೋ ವ್ಯತ್ಯಾಸ ಭುಜಕ್ಕೆ ಗೊತ್ತಾಗುತ್ತದೆ. ಕಣ್ಣೂರು ಅಥವಾ ಮಂಗಳೂರಿನಿಂದ ವಿಮಾನ ಹತ್ತುವವರಿಗೆ ಒಂದು ಸೂಚನೆ: ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವಾಟ್‌ಅವರ್ ಒಳಗಿದ್ದರೆ ತಕರಾರು ಇಲ್ಲ.

ರ್‍ಯಾಮ್ 16 ಜಿಬಿ, ಅದಕ್ಕಿಂತ ಕಮ್ಮಿ ಬೇಡ, ಹಗುರ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ಆಮೇಲೆ ಏರಿಸಲು ಆಗುವುದಿಲ್ಲ. ಫೈಲ್ ಇಡುವ ಎಸ್ಎಸ್‌ಡಿ 512 ಜಿಬಿ. ಮುಗಿಯಿತು.

ಲ್ಯಾಪ್‌ಟಾಪ್ ಓಡುತ್ತಿದೆ, ನೆಟ್ ಎಲ್ಲಿ?

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಓಡುತ್ತದೆ, ಗೋಡೆಯ ಮೇಲಿನ ರೂಟರ್ ಸತ್ತಿರುತ್ತದೆ. ಫೈಬರ್ ಇದ್ದವರು 12 ವೋಲ್ಟಿನ ಮಿನಿ ಯುಪಿಎಸ್ ಒಂದನ್ನು ರೂಟರಿಗೆ ಹಾಕಿ, ಹೆಚ್ಚೇನೂ ಬೆಲೆ ಇಲ್ಲ, ಕೆಲವು ಗಂಟೆ ತಡೆಯುತ್ತದೆ. ಫೈಬರ್ ವಯರ್ ಮೇಲೇ ಕೊಂಬೆ ಬಿದ್ದರೆ ಫೋನ್ ಹಾಟ್‌ಸ್ಪಾಟೇ ಗತಿ. ಟವರಿನ ಬ್ಯಾಟರಿಯೂ ಮುಗಿದರೆ ಅದೂ ಇಲ್ಲ, ಆಗ ಬೇಕಾಗುವುದು ಮೊದಲೇ ಇಳಿಸಿಟ್ಟ ಫೈಲುಗಳು. ಗೂಗಲ್ ಡ್ರೈವ್‌ನಲ್ಲಿ ಆಫ್‌ಲೈನ್ ಆನ್ ಮಾಡಿಡಿ. ಇದೇ ಕಾರಣಕ್ಕೆ ಎಲ್ಲವನ್ನೂ ನೆಟ್ ಮೇಲೇ ಬಿಟ್ಟ ಅಗ್ಗದ ಕ್ರೋಮ್‌ಬುಕ್ ಇಲ್ಲಿಗೆ ಹೊಂದುವುದು ಕಷ್ಟ.

ಸಿಗ್ನಲ್ ಒಂದು ಕಡ್ಡಿ ಇರುವ ಕಡೆ ಹಾಟ್‌ಸ್ಪಾಟ್ ಹಾಕಿದರೆ ಫೋನ್ ಬೆಣ್ಣೆಯಂತೆ ಕರಗುತ್ತದೆ. ಆಗ ಜನ ವಯರ್ ಹಾಕಿ ಯುಎಸ್‌ಬಿ ಟೆದರಿಂಗ್ ಮಾಡುತ್ತಾರೆ, ನೆಟ್ ಸ್ವಲ್ಪ ಗಟ್ಟಿಯಾಗುತ್ತದೆ ನಿಜ. ಆದರೆ ಫೋನ್ ಈಗ ಲ್ಯಾಪ್‌ಟಾಪಿನಿಂದ ಚಾರ್ಜ್ ಆಗುತ್ತಿದೆ. 6 ವಾಟಿನ ಯಂತ್ರಕ್ಕೆ ಫೋನ್ ಇನ್ನೊಂದು 4-5 ವಾಟ್ ಸೇರಿಸಿದರೆ ನಿಮ್ಮ 9 ಗಂಟೆ 5 ಆಯಿತು. ಫೋನನ್ನು ಕಿಟಕಿ ಹತ್ತಿರ ಸಿಗ್ನಲ್ ಬರುವ ಕಡೆ ಪವರ್ ಬ್ಯಾಂಕಿಗೆ ಚುಚ್ಚಿಡಿ, ಲ್ಯಾಪ್‌ಟಾಪ್ ವೈಫೈನಲ್ಲೇ ಇರಲಿ. ಮೀಟಿಂಗಿನಲ್ಲಿ ನಿಮ್ಮ ಕ್ಯಾಮೆರಾ ಆಫ್ ಮಾಡಿ. ಮಳೆಯ ಸದ್ದು ಕೇಳಿಸಿದರೆ ಯಾರೂ ಕಾರಣ ಕೇಳುವುದಿಲ್ಲ.

ತೇವ, ಗುಡುಗು, ಸರ್ವಿಸ್

ಅಲಮಾರಿಯ ಬೆಲ್ಟು, ಚಪ್ಪಲಿಗೆ ಬೂಸ್ಟು ಹಿಡಿಯುವ ಊರಿನಲ್ಲಿ ಲ್ಯಾಪ್‌ಟಾಪನ್ನು ಎರಡು ತಿಂಗಳು ಮುಚ್ಚಿಡಬೇಡಿ. ದಿನಾ ಬಳಸಿದರೆ ಅದರ ಬಿಸಿಗೇ ಒಳಗಿನ ತೇವ ಹೋಗುತ್ತದೆ. ಇಡಲೇಬೇಕಾದರೆ ಅರ್ಧ ಚಾರ್ಜ್ ಮಾಡಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬದಲ್ಲಿಡಿ. ಮಳೆಯಲ್ಲಿ ಬಂದ ಬ್ಯಾಗಿನಿಂದ ತೆಗೆದ ಕೂಡಲೇ ಆನ್ ಮಾಡಬೇಡಿ, ಸ್ವಲ್ಪ ಹೊತ್ತು ಹೊರಗಿಡಿ. ಒಲೆಯ ಪಕ್ಕ ಇಟ್ಟು ಒಣಗಿಸುವ ಬುದ್ಧಿವಂತಿಕೆ ಬೇಡ, ಲಿಥಿಯಂ ಬ್ಯಾಟರಿಗೆ ಬಿಸಿಯೇ ದೊಡ್ಡ ಶತ್ರು. 'ಮಿಲಿಟರಿ ಗ್ರೇಡ್' ಅಂತ ಬರೆದಿರುವುದನ್ನು ನೋಡಿ ನೀರಿಗೆ ತಡೆಯುತ್ತದೆ ಅಂದುಕೊಳ್ಳಬೇಡಿ. ಆ ಪಟ್ಟಿಯಲ್ಲಿ ಬೇಕಾದ ಪರೀಕ್ಷೆಗಳನ್ನು ಕಂಪನಿಯೇ ಆರಿಸಿಕೊಂಡಿರುತ್ತದೆ. ಫ್ಯಾನ್ ಇಲ್ಲದ ಯಂತ್ರ ಇಲ್ಲಿಗೆ ಒಂದು ಕೈ ಮೇಲು, ಹೊರಗಿನ ತೇವದ ಗಾಳಿ, ಧೂಳು, ಹುಳ ಒಳಗೆ ಎಳೆದುಕೊಳ್ಳುವುದಿಲ್ಲ.

ಏಪ್ರಿಲ್‌, ಮೇ ಗುಡುಗಿನಲ್ಲಿ ಚಾರ್ಜರ್ ಗೋಡೆಯಿಂದ ಕಿತ್ತು ಕೆಲಸ ಮಾಡಿ. ಸ್ವಿಚ್ ಆಫ್ ಸಾಲದು, ಪ್ಲಗ್ ಕೀಳಬೇಕು. ಚಾರ್ಜರ್‌ಗಳು 100ರಿಂದ 240 ವೋಲ್ಟ್ ತಡೆಯುತ್ತವೆ, ಲೋ ವೋಲ್ಟೇಜಿಗೆ ಹೆದರಬೇಕಿಲ್ಲ. ಸಿಡಿಲಿಗೆ ಹೆದರಬೇಕು.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ 80ಕ್ಕೆ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಇರುತ್ತದೆ. ಪ್ಲಗ್ಗಿನಲ್ಲೇ ಇರುವ ದಿನಗಳಲ್ಲಿ ಅದನ್ನು ಹಾಕಿಡಿ, ಬ್ಯಾಟರಿ ಬಾಳಿಕೆ ಬರುತ್ತದೆ. ಹವಾಮಾನ ಇಲಾಖೆ ಆರೆಂಜ್, ರೆಡ್ ಅಲರ್ಟ್ ಕೊಟ್ಟ ಸಂಜೆ ಅದನ್ನು ತೆಗೆದು ನೂರಕ್ಕೆ ತುಂಬಿಸಿ, ಪವರ್ ಬ್ಯಾಂಕ್ ಕೂಡ.

ಸರ್ವಿಸ್ ವಿಷಯದಲ್ಲಿ ಕೊಳ್ಳುವ ಮೊದಲೇ ನಿಮ್ಮ ಪಿನ್‌ಕೋಡ್ ಹೇಳಿ ಕೇಳಿ: ಮಡಿಕೇರಿ 571201, ವಿರಾಜಪೇಟೆ 571218, ಹೀಗೆ. 'ಆನ್‌ಸೈಟ್ ವಾರಂಟಿ' ಅಂತ ಇದ್ದರೂ ನಿಮ್ಮ ಪಿನ್‌ಕೋಡಿಗೆ ಜನ ಬರುತ್ತಾರಾ ಅನ್ನುವುದು ಬೇರೆ ಪ್ರಶ್ನೆ. ಬರುವುದಿಲ್ಲ ಅಂದರೆ ಕೀಬೋರ್ಡಿನ ಒಂದು ಕೀಗೆ ಮೈಸೂರಿಗೆ ಹೋಗಿ ಬರಬೇಕು, ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ದುಬೈಯಿಂದಲೋ ಅಮೆರಿಕದಿಂದಲೋ ಸಂಬಂಧಿಕರು ತಂದುಕೊಡುತ್ತೇನೆ ಅಂದರೆ, ಆ ಮಾಡೆಲಿಗೆ ಭಾರತದಲ್ಲಿ ವಾರಂಟಿ ಇದೆಯಾ ಅಂತ ಮೊದಲು ನೋಡಿ. ಮನೆಯಲ್ಲಿ ಎಕ್ಸ್ ಸರ್ವಿಸ್‌ಮನ್ ಇದ್ದರೆ ಮಿಲಿಟರಿ ಕ್ಯಾಂಟೀನಿನಲ್ಲೂ ಒಮ್ಮೆ ವಿಚಾರಿಸಿ, ಖರ್ಚಿಲ್ಲದ ಕೆಲಸ.

ಸೆಕೆಂಡ್ ಹ್ಯಾಂಡ್ ನೋಡುವವರು ವಿಂಡೋಸ್ 10ಗೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಅನ್ನುವುದನ್ನು ನೆನಪಿಡಿ. ಇಂಟೆಲ್ ಆದರೆ 8ನೇ ತಲೆಮಾರಿಗಿಂತ ಹಳೆಯದು ಬೇಡ, ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ.

ಹೊಸದಿರಲಿ ಹಳೆಯದಿರಲಿ, ಮನೆಗೆ ತಂದ ದಿನವೇ ಪರೀಕ್ಷೆ ಮಾಡಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್ ಅಕ್ಷರದಲ್ಲಿ ಪವರ್‌ಸಿಎಫ್‌ಜಿ ಅಂತ ಬರೆದು, ಒಂದು ಜಾಗ ಬಿಟ್ಟು, ಸ್ಲ್ಯಾಶ್ ಹಾಕಿ ಬ್ಯಾಟರಿರಿಪೋರ್ಟ್ ಅಂತ ಒಟ್ಟಿಗೆ ಬರೆಯಿರಿ. ಒಂದು ಫೈಲ್ ಬರುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ ಮತ್ತು ಫುಲ್ ಚಾರ್ಜ್ ಕೆಪಾಸಿಟಿ ಪಕ್ಕಪಕ್ಕ ಇಟ್ಟು ನೋಡಿ. ಹೊಸ ಯಂತ್ರದಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ಮ್ಯಾಕ್‌ನಲ್ಲಿ ಸೆಟ್ಟಿಂಗ್ಸ್‌ನ ಬ್ಯಾಟರಿ ಪುಟದಲ್ಲೇ ಬ್ಯಾಟರಿ ಹೆಲ್ತ್ ಸಿಗುತ್ತದೆ. ಆಮೇಲೆ ನೂರಕ್ಕೆ ತುಂಬಿಸಿ, ಪ್ಲಗ್ ಕಿತ್ತು, ನಿಮ್ಮ ದಿನನಿತ್ಯದ ಕೆಲಸವನ್ನೇ ಎರಡು ಗಂಟೆ ಮಾಡಿ. ಮೊದಲ ದಿನ ಅಪ್‌ಡೇಟ್‌ಗಳು ಇಳಿಯುತ್ತಿರುತ್ತವೆ, ಅವು ಮುಗಿದ ಮೇಲೆ ಮಾಡಿ, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. 54 ವಾಟ್‌ಅವರ್ ಬ್ಯಾಟರಿಯಲ್ಲಿ ಎರಡು ಗಂಟೆಗೆ ನೂರಕ್ಕೆ 22 ಇಳಿದರೆ ಬಳಕೆ 6 ವಾಟಿನ ಆಸುಪಾಸು, ಸರಿಯಾಗಿದೆ. 40ರ ಹತ್ತಿರ ಇಳಿದಿದ್ದು, ಬ್ರೈಟ್‌ನೆಸ್ಸೂ ಅರ್ಧದಲ್ಲೇ ಇದ್ದು, ಹಿಂದೆ ಯಾವ ಪ್ರೋಗ್ರಾಮೂ ಓಡುತ್ತಿಲ್ಲ ಅಂದರೆ ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಬಿಲ್ ಮತ್ತು ಡಬ್ಬ ಹಿಡಿದುಕೊಂಡು ಹೊರಡಿ.